ಹೆರಿಗೆಯ ಎರಡು ತಾರೀಕು

ನನ್ನ ಮುಟ್ಟಿನ ದಿನ ನನಗಿಂತ ಚೆನ್ನಾಗಿ ನನ್ನ ಅತ್ತೆಗೆ ನೆನಪಿರುತ್ತಿತ್ತು. ಮರೆಯಲು ಆ ಮನೆಯಲ್ಲಿ ಅವಕಾಶವೇ ಇರಲಿಲ್ಲ. ತಿಂಗಳಿಗೆ ಮೂರು ದಿನ ನಾನು ‘ಹೊರಗೆ’ ಕೂರಬೇಕು. ನಮ್ಮದು ಮುಂಬೈಯ ದಹಿಸರ್‌ನ ಬಿಲ್ಡಿಂಗೊಂದರ ಮೂರನೇ ಮಹಡಿಯಲ್ಲಿ ಒಂದು ಬೆಡ್‌ರೂಮಿನ ಫ್ಲಾಟು. ಅಲ್ಲಿ ನಿಜವಾಗಿ ಹೊರಗೆ ಎಂದರೆ ಲಿಫ್ಟಿನ ಬಾಗಿಲೇ. ಹಾಗಾಗಿ ಅತ್ತೆ ಹಾಲ್‌ನ ಒಂದು ಮೂಲೆಯನ್ನು, ಬಾಲ್ಕನಿ ಬಾಗಿಲಿಗೂ ವಾಷಿಂಗ್ ಮೆಷೀನಿಗೂ ನಡುವಿನ ಜಾಗವನ್ನು, ‘ಹೊರಗೆ’ ಎಂದು ಗೊತ್ತು ಮಾಡಿದ್ದರು. ಅಲ್ಲಿ ಒಂದು ಚಾಪೆ, ಒಂದು ದಿಂಬು, ನನಗೇ ಬೇರೆ ತಟ್ಟೆ, ಲೋಟ. ಅಡುಗೆಮನೆಯ ಹೊಸಿಲು ದಾಟುವಂತಿಲ್ಲ, ದೇವರ ಗೂಡಿನ ಹತ್ತಿರ ಸುಳಿಯುವಂತಿಲ್ಲ, ಅತ್ತೆಯನ್ನು ಮುಟ್ಟುವಂತಿಲ್ಲ. ಅಪ್ಪಿತಪ್ಪಿ ನನ್ನ ದುಪಟ್ಟಾದ ತುದಿ ತಾಗಿದರೂ ಅವರು ಸೀದಾ ಬಚ್ಚಲಿಗೆ ಹೋಗಿ ತಲೆಯ ಮೇಲೆ ನೀರು ಸುರಿದುಕೊಂಡು ಬರುತ್ತಿದ್ದರು.

ತಮಾಷೆಯೆಂದರೆ ಆ ಮೂರು ದಿನವೂ ನಾನು ಬೆಳಿಗ್ಗೆ ಲೋಕಲ್ ಟ್ರೇನು ಹಿಡಿದು ದಾದರ್‌ನ ಆಫೀಸಿಗೆ ಹೋಗುತ್ತಿದ್ದೆ. ಲೇಡೀಸ್ ಡಬ್ಬಿಯಲ್ಲಿ ಯಾರ ಮೊಣಕೈ ಯಾರದ್ದೆಂದು ತಿಳಿಯದ ಹಾಗೆ ಒತ್ತಿಕೊಂಡು ನಿಂತು, ಸಂಜೆ ಮನೆಗೆ ಬಂದು ಮೂಲೆಯಲ್ಲಿ ಮಡಿಯಿಂದ ದೂರ ಕೂರುತ್ತಿದ್ದೆ. ಮದುವೆಯಾದ ಹೊಸತರಲ್ಲಿ ಒಮ್ಮೆ ಕೇಳಿಯೂ ಕೇಳಿದೆ.

“ಅತ್ತೆ, ಲೋಕಲ್‌ನಲ್ಲಿ ಇವತ್ತು ಅಷ್ಟೊಂದು ಜನ ನನ್ನ ಮುಟ್ಟಿದಾರೆ. ಅವರಿಗೆಲ್ಲ ಸ್ನಾನ ಯಾರು ಮಾಡಿಸ್ತಾರೆ?”

“ಅವ್ರವ್ರ ಮನಿ ಅತ್ತೆಯರ್ ಕಾಣ್ಕಂತ್ರ್,” ಎಂದರು ಅತ್ತೆ, ಕಾಫಿ ಲೋಟವನ್ನು ನನ್ನಿಂದ ಒಂದು ಮಾರು ದೂರದಲ್ಲಿ ನೆಲದ ಮೇಲಿಡುತ್ತಾ. ಅವರು ಕುಂದಾಪುರದ ಕಡೆಯವರು. ಮಾತಿಗೆ ಮಾತು ಕೊಡುವುದರಲ್ಲಿ ಅವರನ್ನು ಸೋಲಿಸಿದವರನ್ನು ನಾನು ಇನ್ನೂ ನೋಡಿಲ್ಲ.

ನನ್ನ ಕಡೆಯವರು ಮೈಸೂರಿನವರು. ಅಪ್ಪನ ಬ್ಯಾಂಕಿನ ಕೆಲಸದಿಂದಾಗಿ ನಾನು ಹುಟ್ಟಿದ್ದೂ ಬೆಳೆದದ್ದೂ ಮುಂಬೈಯಲ್ಲೇ. ತವರಿನಲ್ಲಿ ಈ ವಿಷಯ ಯಾರೂ ಎತ್ತುತ್ತಿರಲಿಲ್ಲ. ನನ್ನ ಗಂಡನೂ ಇಲ್ಲೇ ಹುಟ್ಟಿದವನು. ಅವನ ಅಪ್ಪ ದಾದರ್‌ನ ಒಂದು ಉಡುಪಿ ಹೋಟೆಲಿನಲ್ಲಿ ಮ್ಯಾನೇಜರಾಗಿದ್ದವರು, ನಮ್ಮ ಮದುವೆಗೆ ಮೊದಲೇ ತೀರಿಕೊಂಡಿದ್ದರು. ಮಗ ಬಾಂದ್ರಾದ ಆಫೀಸಿನಲ್ಲಿ ದಿನವಿಡೀ ಇಂಗ್ಲಿಷು, ಹಿಂದಿ ಮಾತಾಡಿ, ಮನೆಗೆ ಬಂದು ಅಮ್ಮನೊಡನೆ ಅರ್ಧಂಬರ್ಧ ಕನ್ನಡ ಆಡುತ್ತಿದ್ದ. ಈ ಮೂಲೆಯ ವ್ಯವಹಾರದಲ್ಲಿ ಅವನು ತಲೆ ಹಾಕುತ್ತಿರಲಿಲ್ಲ. ನಾನು ಒಂದು ವರ್ಷ ಜಗಳವಾಡಿದೆ, ಆಮೇಲೆ ಮೂರು ದಿನ ಅಡುಗೆಯ ಕಷ್ಟವಾದರೂ ತಪ್ಪಿತಲ್ಲ ಎಂದು ಸುಮ್ಮನಾದೆ.

ಆದರೆ ವರ್ಷಗಳು ಕಳೆದ ಹಾಗೆ ಆ ಮೂಲೆಗೆ ಬೇರೆಯೇ ಅರ್ಥ ಬಂತು. ಮಕ್ಕಳಾಗದ ಹೆಂಗಸಿಗೆ ಪ್ರತಿ ತಿಂಗಳೂ ಮನೆಯವರೆಲ್ಲರ ಎದುರು ಚಾಪೆ ಹಾಸಿಕೊಂಡು ಕೂರುವುದೆಂದರೆ ಏನೆಂದು ನನಗೆ ಆಗ ಗೊತ್ತಾಯಿತು. ಉಳಿದವರಾದರೆ ಬಚ್ಚಲಲ್ಲಿ ಒಬ್ಬರೇ ಅತ್ತು ಮುಖ ತೊಳೆದುಕೊಂಡು ಬರಬಹುದು. ನಾನು ಮೂಲೆಗೆ ಹೋದೆನೆಂದರೆ ಗಂಡನಿಗೂ ತಿಳಿಯಿತು, ಅತ್ತೆಗೂ ತಿಳಿಯಿತು, ಈ ಸಲವೂ ಇಲ್ಲ ಎಂದು. ಅತ್ತೆ ಚಾಪೆಯನ್ನು ತಾವೇ ಬಿಡಿಸಿ ಹಾಸಿ, ದಿಂಬಿಗೆ ಒಗೆದ ಕವರು ಹಾಕಿ, ಅಡುಗೆಮನೆಗೆ ಹೋಗಿಬಿಡುತ್ತಿದ್ದರು. ಆರು ವರ್ಷ ಹೀಗೇ ನಡೆಯಿತು.

ಆ ವರ್ಷದ ಚೌತಿಯ ಮುನ್ನಾದಿನದ ವಿಷಯ ಹೇಳಬೇಕು. ಏಕೆಂದರೆ ಎಲ್ಲವೂ ಆ ದಿನದ ಮೇಲೇ ನಿಂತಿತ್ತು. ಗಣಪತಿಗೆ ಅತ್ತೆ ಕೊಟ್ಟೆ ಕಡುಬು ಮಾಡುತ್ತಾರೆ. ಹಲಸಿನ ಎಲೆಗಳನ್ನು ಕಡ್ಡಿಯಿಂದ ಚುಚ್ಚಿ ಬಟ್ಟಲಿನ ಹಾಗೆ ಕಟ್ಟಿದರೆ ಅದು ಕೊಟ್ಟೆ. ಅದಕ್ಕೆ ಹಿಟ್ಟು ಹುಯ್ದು ಬೇಯಿಸಬೇಕು. ದಹಿಸರ್‌ನಲ್ಲಿ ಸಿಗುವ ಎಲೆ ಅವರಿಗೆ ಹಿಡಿಸುವುದಿಲ್ಲ. ಆದ್ದರಿಂದ ಆಫೀಸು ಮುಗಿಸಿ ದಾದರ್ ಮಾರ್ಕೆಟ್ಟಿನಿಂದ ಎಲೆ ತರುವ ಕೆಲಸ ನನ್ನದು. ಹಬ್ಬದ ಹಿಂದಿನ ಸಂಜೆಯ ಲೋಕಲ್‌ನಲ್ಲಿ ಎಲೆಗಳ ಕಟ್ಟನ್ನು ತಲೆಯ ಮೇಲೆ ಎತ್ತಿ ಹಿಡಿದು, ಅಕ್ಕಪಕ್ಕದವರಿಂದ ಬೈಸಿಕೊಂಡು, ಒಂದು ಎಲೆಯೂ ಮುರಿಯದ ಹಾಗೆ ಮನೆಗೆ ತಂದೆ. ತಂದು ಅತ್ತೆಯ ಕೈಗೆ ಕೊಟ್ಟು ಬಚ್ಚಲಿಗೆ ಹೋದರೆ, ಆಗಲೇ ಮುಟ್ಟಾಗಿತ್ತು.

ಅತ್ತೆ ಬಚ್ಚಲ ಬಾಗಿಲ ಹೊರಗೆ ನಿಂತು ವಿಚಾರಣೆ ಶುರು ಮಾಡಿದರು. “ಯಾವಾಗ ಆದ್ದ್? ಸಮಾ ನೆನ್ಪ್ ಮಾಡ್ಕೊ. ಎಲೆ ನನ್ ಕೈಗೆ ಕೊಡುಕ್ ಮುಂಚೆಯಾ, ಕೊಟ್ಟ್ ಮೇಲೆಯಾ?”

“ನನಗೇನ್ ಗೊತ್ತು ಅತ್ತೆ! ಟ್ರೇನಲ್ಲಿ ಉಸಿರಾಡಕ್ಕೂ ಜಾಗ ಇರ್ಲಿಲ್ಲ.”

“ಬೊರಿವಲಿ ದಾಟಿದ್ ಮೇಲೆಯಾ?”

ನನಗೆ ನಗುವೂ ಬಂತು, ಸಿಟ್ಟೂ ಬಂತು. ನಮ್ಮ ಹಿಂದಿನ ಸ್ಟೇಷನ್ನಾದ ಬೊರಿವಲಿಯ ಆಚೆ ಈಚೆ ನೋಡಿ ಮೈಲಿಗೆ ಬರುತ್ತದೆಯೇ ಎಂದು ಕೂಗಿದೆ. ಕೊನೆಗೆ ಅವರ ಸಮಾಧಾನಕ್ಕಾಗಿ, ಎಲೆ ಕೊಟ್ಟ ಮೇಲೆಯೇ ಆದದ್ದು ಎಂದೆ. ಅವರು ಪೂರಾ ನಂಬಲಿಲ್ಲ. ಎಲೆಗಳಿಗೆಲ್ಲ ಎರಡೆರಡು ಸಲ ನೀರು ಚಿಮುಕಿಸಿ ಒರೆಸಿದರು. ಮರುದಿನ ಚೌತಿಯ ಹೊತ್ತಿಗೆ ನಾನು ಮೂಲೆಯ ಚಾಪೆಯ ಮೇಲೆ, ಅವರು ಅಡುಗೆಮನೆಯಲ್ಲಿ ಒಬ್ಬರೇ ಕೂತು ಕೊಟ್ಟೆ ಕಟ್ಟುತ್ತಾ ಗೊಣಗುತ್ತಾ ಇದ್ದರು. ಇಂಥ ದಿನವನ್ನು ನಮ್ಮ ಮನೆಯಲ್ಲಿ ಯಾರಾದರೂ ಮರೆಯುವುದುಂಟೇ?

ಮುಂದಿನ ತಿಂಗಳು ನವರಾತ್ರಿಯ ನಡುವೆ ನಾನು ಹೊರಗಾಗಬೇಕಿತ್ತು. ಆಗಲಿಲ್ಲ. ಅಷ್ಟಿಷ್ಟು ಹಿಂದೆಮುಂದೆ ಆಗುವುದು ಇದ್ದದ್ದೇ ಎಂದು ನಾನು ಅದರ ಕಡೆ ಮನಸ್ಸು ಕೊಟ್ಟಿರಲಿಲ್ಲ. ಒಂದು ಬೆಳಿಗ್ಗೆ ದೋಸೆ ಹುಯ್ಯುತ್ತಿದ್ದೆ. ಅತ್ತೆ ಪಕ್ಕದಲ್ಲಿ ನಿಂತು ಕಾಯಿ ತುರಿಯುತ್ತಿದ್ದರು. ತುರಿಯುವುದನ್ನು ನಿಲ್ಲಿಸದೆಯೇ, “ಈ ಸಲ ಚಾಪೆ ಹಾಸ್ಲೇ ಇಲ್ಲ ಅಲ್ದಾ?” ಎಂದರು. ನಾನು ಅವರ ಮುಖ ನೋಡಿದೆ. ಅವರು ನನ್ನ ಮುಖ ನೋಡಲಿಲ್ಲ. ಕಾವಲಿಯ ಮೇಲಿನ ದೋಸೆ ಹೊತ್ತಿಹೋಯಿತು, ಅದಕ್ಕೆ ಅವರು ಬೈಯಲೂ ಇಲ್ಲ.

ವಿಜಯದಶಮಿಯ ಮಾರನೇ ದಿನ ಮನೆಯಲ್ಲೇ ಟೆಸ್ಟ್ ಮಾಡಿ ನೋಡಿದೆ. ಎರಡು ಗೆರೆ ಬಂದವು. ಗಂಡನಿಗೆ ತೋರಿಸಿದರೆ ಅವನು ಅದನ್ನು ಕಿಟಕಿಯ ಹತ್ತಿರ ಹಿಡಿದು, ಟ್ಯೂಬ್‌ಲೈಟಿನ ಕೆಳಗೆ ಹಿಡಿದು, “ಪಕ್ಕಾ ಎರಡು ಉಂಟಲ್ವಾ?” ಎಂದು ನನ್ನನ್ನೇ ಕೇಳಿದ.

ಸ್ಟೇಷನ್ ಹತ್ತಿರದ ಕ್ಲಿನಿಕ್ಕಿಗೆ ನಾವಿಬ್ಬರೇ ಹೋದೆವು. ಡಾಕ್ಟರು ವಯಸ್ಸಾದ ಮರಾಠಿ ಹೆಂಗಸು, ಮಾತು ಕಡಿಮೆ. ಕಡೆಯ ಮುಟ್ಟಿನ ದಿನ ಕೇಳಿದರು. ಚೌತಿಯ ಮುನ್ನಾದಿನ ಎಂದೆ. ಅವರ ಮೇಜಿನ ಮೇಲೆ ರಟ್ಟಿನ ಒಂದು ಚಕ್ರವಿತ್ತು. ಒಂದರೊಳಗೊಂದು ತಿರುಗುವ ಎರಡು ಬಿಲ್ಲೆ, ಅಂಚಿನ ಸುತ್ತ ತಿಂಗಳು, ತಾರೀಕು. ಬಾಣದ ಗುರುತನ್ನು ನಾನು ಹೇಳಿದ ದಿನಕ್ಕೆ ತಂದು ನಿಲ್ಲಿಸಿದರು. ಚಕ್ರದ ಇನ್ನೊಂದು ಕಡೆ ಜೂನ್ ತಿಂಗಳ ನಡುವಿನ ಒಂದು ದಿನ ಬಂದು ನಿಂತಿತು. ಅಷ್ಟೇ. ಇಷ್ಟು ವರ್ಷ ಕಾದದ್ದಕ್ಕೆ ಒಂದು ತಾರೀಕು ಸಿಕ್ಕಿತು. ಇದು ಅಂದಾಜು ಮಾತ್ರ, ಒಂದು ವಾರ ಹಿಂದೆಮುಂದೆ ಆಗಬಹುದು, ಸ್ಕ್ಯಾನ್ ಮಾಡಿದ ಮೇಲೆ ಖಚಿತವಾಗುತ್ತದೆ ಎಂದರು. ನನ್ನ ಕಿವಿಗೆ ಅದೇನೂ ಬೀಳಲಿಲ್ಲ.

ಮನೆಗೆ ಬಂದು ಹೇಳಿದರೆ ಅತ್ತೆ ಆಗಲೇ ತಮ್ಮ ಲೆಕ್ಕ ಹಾಕಿ ಮುಗಿಸಿದ್ದರು. ಅವರದು ಚೌತಿಯಿಂದ ಹುಣ್ಣಿಮೆ ಅಮಾವಾಸ್ಯೆಗಳ ಮೇಲೆ ಬೆರಳು ಮಡಚುವ ಲೆಕ್ಕ. ಡಾಕ್ಟರ ಚಕ್ರಕ್ಕೂ ಅವರ ಬೆರಳಿಗೂ ಎರಡೇ ದಿನ ವ್ಯತ್ಯಾಸ. “ಮಳೆ ಹಿಡಿಯು ಹೊತ್ತಿಗೇ ಬತ್ತ್,” ಎಂದು ಚಿಂತೆಗೆ ಬಿದ್ದರು. ಮಗುವಿನ ಬಟ್ಟೆ ಒಣಗುವುದು ಹೇಗೆ? ಬಾಲ್ಕನಿಯಲ್ಲಿ ಎರಚಲು ಹೊಡೆಯುತ್ತದೆ. ಹಾಲ್‌ನಲ್ಲಿ ಫ್ಯಾನಿನ ಕೆಳಗೆ ಹಗ್ಗ ಕಟ್ಟಬೇಕು. ಡೈಪರ್ ಎಂದು ಗಂಡ ಬಾಯಿ ತೆರೆದದ್ದಕ್ಕೆ ಅವನಿಗೆ ಬೈಗುಳ ಸಿಕ್ಕಿತು. ಮೂರು ತಿಂಗಳು ತುಂಬುವವರೆಗೆ ಯಾರಿಗೂ ಹೇಳಬಾರದು ಎಂದು ನಮ್ಮಿಬ್ಬರ ಬಾಯಿ ಮುಚ್ಚಿಸಿ, ತಾವು ಮಾತ್ರ ಹಗ್ಗ ಕಟ್ಟಲು ಗೋಡೆಗೆ ಮೊಳೆ ಎಲ್ಲಿ ಹೊಡೆಯಬೇಕು ಎಂದು ದಿನಾ ಅಳತೆ ನೋಡುತ್ತಿದ್ದರು. ಅವರು ಅಷ್ಟು ಸಂತೋಷವಾಗಿದ್ದದ್ದನ್ನು ನಾನು ಅದಕ್ಕೆ ಮುಂಚೆ ನೋಡಿರಲಿಲ್ಲ.

ದೀಪಾವಳಿಗೆ ಕೆಲವು ದಿನ ಮುಂಚೆ ಮೊದಲ ಸ್ಕ್ಯಾನ್ ಆಯಿತು. ಸ್ಕ್ಯಾನ್ ಮಾಡುತ್ತಿದ್ದ ಹುಡುಗಿ ಮೊದಲು ಲವಲವಿಕೆಯಿಂದ ಮಾತಾಡುತ್ತಿದ್ದಳು, ಎಲ್ಲಿ ಕೆಲಸ, ಎಷ್ಟು ಗಂಟೆಯ ಲೋಕಲ್ ಎಂದೆಲ್ಲ. ಆಮೇಲೆ ಪರದೆಯ ಹತ್ತಿರ ಬಗ್ಗಿ ಒಂದೇ ಜಾಗವನ್ನು ಮತ್ತೆ ಮತ್ತೆ ಅಳೆದಳು. ಸ್ವಲ್ಪ ಹೊತ್ತಾದ ಮೇಲೆ, “ಪೀರಿಯಡ್ಸ್ ರೆಗ್ಯುಲರ್ ಹೈ ಕ್ಯಾ ಆಪ್‌ಕಾ?” ಎಂದು ಕೇಳಿದಳು. ಹೌದು ಎಂದೆ. “ಡೇಟ್ ಪಕ್ಕಾ ಯಾದ್ ಹೈ?” ಪಕ್ಕಾ ಎಂದೆ. ಅವಳು ಮತ್ತೆ ಪರದೆಯನ್ನು ನೋಡಿದಳು. ನನ್ನ ಕಡೆ ತಿರುಗಿಸಿ ತೋರಿಸಲಿಲ್ಲ.

ಡಾಕ್ಟರು ನಮ್ಮಿಬ್ಬರನ್ನೂ ಕೂರಿಸಿ ನಿಧಾನವಾಗಿ ಬಿಡಿಸಿ ಹೇಳಿದರು. ನಾನು ಹೇಳಿದ ದಿನದ ಪ್ರಕಾರ ಈ ಹೊತ್ತಿಗೆ ಇಷ್ಟು ದೊಡ್ಡದಿರಬೇಕು, ಎದೆಬಡಿತ ಚೆನ್ನಾಗಿ ಕಾಣಬೇಕು. ಕಾಣುತ್ತಿರುವುದು ಅದಕ್ಕಿಂತ ಎರಡು ವಾರಕ್ಕೂ ಹೆಚ್ಚು ಚಿಕ್ಕದು, ಬಡಿತ ಇಲ್ಲ. ಹೀಗಾಗಲು ಎರಡು ಕಾರಣ ಇರಬಹುದು. ದಿನ ಎಣಿಸುವುದರಲ್ಲಿ ತಪ್ಪಾಗಿದ್ದು ಗರ್ಭ ತಡವಾಗಿ ನಿಂತಿದ್ದರೆ, ಇದು ಇಷ್ಟೇ ಇರಬೇಕಾದದ್ದು, ಬಡಿತ ಇನ್ನು ಮೇಲೆ ಬರುತ್ತದೆ. ದಿನ ಸರಿಯಾಗಿದ್ದರೆ, ಬೆಳೆಯುವುದು ನಿಂತುಹೋಗಿದೆ. ಎರಡು ವಾರ ಬಿಟ್ಟು ಇನ್ನೊಮ್ಮೆ ನೋಡೋಣ ಎಂದರು. ಅವರು ಕೊಟ್ಟ ಕಾಗದದಲ್ಲಿ ಹೆರಿಗೆಯ ತಾರೀಕು ಎರಡು ಇದ್ದವು. ನನ್ನ ದಿನದ ಪ್ರಕಾರ ಜೂನ್ ನಡುವೆ, ಸ್ಕ್ಯಾನಿನ ಅಳತೆಯ ಪ್ರಕಾರ ಜುಲೈ ಮೊದಲ ವಾರ.

ನಾನು ತಪ್ಪಾಗಿದ್ದರೆ ಮಗು ಇದೆ. ನಾನು ಸರಿಯಾಗಿದ್ದರೆ ಮಗು ಇಲ್ಲ. ರಿಕ್ಷಾದಲ್ಲಿ ಮನೆಗೆ ಬರುವಾಗ ಇದೊಂದೇ ತಲೆಯಲ್ಲಿ ಸುತ್ತುತ್ತಿತ್ತು. ಗಂಡ ನನ್ನ ಕೈ ಹಿಡಿದುಕೊಂಡು, “ಯಾರ್, ಸರಿ ನೆನಪು ಮಾಡು ನಾ. ಕುಛ್ ತೋ ಗಡ್‌ಬಡ್ ಆಗಿರಬಹುದು ನಿನ್ನದು,” ಎಂದು ಬೇಡಿಕೊಳ್ಳುವ ಹಾಗೆ ಹೇಳಿದ. ಜೀವನದಲ್ಲಿ ಮೊದಲ ಸಲ ಯಾರೋ ನನ್ನನ್ನು ತಪ್ಪು ಮಾಡಿದ್ದೇನೆಂದು ಒಪ್ಪಿಕೋ ಎಂದು ಬೇಡುತ್ತಿದ್ದರು, ನನಗೂ ಒಪ್ಪಿಕೊಳ್ಳುವ ಆಸೆಯಿತ್ತು. ಆದರೆ ಆ ಎಲೆಗಳ ಕಟ್ಟು, ಬಚ್ಚಲ ಬಾಗಿಲು, ಬೊರಿವಲಿಯ ಪ್ರಶ್ನೆ ಎಲ್ಲ ಕಣ್ಣಿಗೆ ಕಟ್ಟಿದ ಹಾಗಿತ್ತು. ಹೇಗೆ ತಪ್ಪುತ್ತದೆ?

ಅತ್ತೆಗೆ ಎಲ್ಲವನ್ನೂ ಹೇಳಿದೆವು. ಅವರು ಎರಡೆರಡು ಸಲ ಕೇಳಿ ತಿಳಿದುಕೊಂಡರು. ಚಿಕ್ಕದಿದ್ದರೆ ಯಾವಾಗ ಒಳ್ಳೆಯದು, ಯಾವಾಗ ಕೆಟ್ಟದ್ದು ಎಂದು. ರಾತ್ರಿ ಊಟಕ್ಕೆ ಬಡಿಸಿ ತಾವು ಉಣ್ಣದೆ ಮಲಗಿದರು. ಬೆಳಿಗ್ಗೆ ನಾನು ಎದ್ದು ಬರುವಷ್ಟರಲ್ಲಿ ಹಾಲ್‌ನಲ್ಲಿ ಸೋಫಾದ ಮೇಲೆ ನೆಟ್ಟಗೆ ಕೂತಿದ್ದರು.

“ನೀನ್ ದಿನ ತಪ್ಪ್ ಹೇಳಿದ್ದಿ,” ಎಂದರು. “ಚೌತಿಗೆ ನೀನ್ ಒಳ್ಗೇ ಇದ್ದಿದ್ದಿ. ನನ್ನೊಟ್ಟಿಗೆ ಕೂಕಂಡ್ ಕೊಟ್ಟೆ ಕಟ್ಟಿದ್ದ್ ನೀನೇ ಅಲ್ದಾ? ಹೊರ್ಗಾದ್ದ್ ಪಿತೃಪಕ್ಷದಾಗೆ.”

ನಾನು ಕಣ್ಣು ಬಿಟ್ಟುಕೊಂಡು ನಿಂತೆ. “ಅತ್ತೆ, ಏನು ಹೇಳ್ತಿದೀರಾ? ಎಲೆ ವಿಷಯಕ್ಕೆ ಅಷ್ಟು ದೊಡ್ಡ ರಾಮಾಯಣ ಆಯ್ತಲ್ಲ! ಬೊರಿವಲಿ ಆಚೆಯಾ ಈಚೆಯಾ ಅಂತ ಕೇಳಿದ್ದು ನೀವೇ.”

“ಅದ್ ಹ್ವಾದ್ ವರ್ಷ.”

“ಹೋದ ವರ್ಷ ಚೌತಿಗೆ ನಾವು ಊರಲ್ಲಿದ್ವಿ!”

“ನಿಂಗ್ ಮರ್ತ್ ಹೋಯ್ತ್ ಮಾರಾಯ್ತಿ. ನಂಗ್ ಮರೀತಿಲ್ಲ.”

ಪಿತೃಪಕ್ಷದಲ್ಲಿ ಹೊರಗಾಗಿದ್ದರೆ ನವರಾತ್ರಿಯಲ್ಲಿ ಚಾಪೆಯ ವಿಷಯ ಏಕೆ ಕೇಳಿದಿರಿ ಎಂದು ನಾನು ಬಿಡಲಿಲ್ಲ. ಮಾತಿಗೆ ಮಾತು ಕೊಡದೆ ಅವರು ಸುಮ್ಮನಾದದ್ದನ್ನು ನಾನು ಆಗಲೇ ಗಮನಿಸಬೇಕಿತ್ತು. ಅಷ್ಟರಲ್ಲಿ ಗಂಡ ಒಳಗಿನಿಂದ ಬಂದ. “ಅಮ್ಮ ಎಂದಾದ್ರೂ ತಪ್ಪಿದ್ದುಂಟಾ? ಅವ್ಳಿಗೆ ಎಲ್ಲಾ ಯಾದ್ ಇರ್ತದೆ,” ಎಂದ. ಅವನ ಮುಖದಲ್ಲಿ ಅಷ್ಟು ಆಸೆ ಇತ್ತು, ನನಗೆ ಮುಂದೆ ವಾದಿಸಲು ಆಗಲಿಲ್ಲ.

ಅತ್ತೆ ಅಷ್ಟಕ್ಕೇ ಬಿಡಲಿಲ್ಲ. ಡಾಕ್ಟರ ಹತ್ತಿರ ತಾವೇ ಬರುತ್ತೇನೆಂದು ಹೊರಟರು. ಕನ್ನಡ, ಹಿಂದಿ, ಹೋಟೆಲಿನವರ ಮರಾಠಿ ಎಲ್ಲ ಸೇರಿಸಿ, ಈ ಹುಡುಗಿಗೆ ತಿಂಗಳ ದಿನ ನೆನಪಿರುವುದಿಲ್ಲ, ಮನೆಯಲ್ಲಿ ಅದನ್ನೆಲ್ಲ ನೋಡಿಕೊಳ್ಳುವವಳು ತಾನು, ಚೌತಿಗೆ ಇವಳು ಅಡುಗೆಮನೆಯಲ್ಲೇ ಇದ್ದಳು ಎಂದು ಸಾಕ್ಷಿ ಹೇಳಿದರು. ಕಡುಬು ಎಂದರೇನು, ಕೊಟ್ಟೆ ಹೇಗೆ ಕಟ್ಟುತ್ತಾರೆ ಎಂದು ಕೈಯಲ್ಲಿ ತೋರಿಸಿದರು. ಡಾಕ್ಟರು ಎಲ್ಲವನ್ನೂ ಕೇಳಿದರು. ಒಮ್ಮೆ ನನ್ನ ಮುಖ ನೋಡಿದರು. “ಠೀಕ್ ಆಹೇ, ಆಜಿ,” ಎಂದು ಚಕ್ರವನ್ನು ಮತ್ತೆ ತಿರುಗಿಸಿ, “ಮಗ್ ಜುಲೈ,” ಹಾಗಾದರೆ ಜುಲೈ, ಎಂದರು. ಅತ್ತೆ ನನ್ನ ಕಡೆ ತಿರುಗಿ, ನೋಡಿದೆಯಾ ಎಂಬಂತೆ ತಲೆ ಆಡಿಸಿದರು.

ಆ ಎರಡೂ ತಾರೀಕುಗಳು ಮುಂದಿನ ವರ್ಷ ಬಂದು ಹೋದವು. ಜೂನಿನ ದಿನ ಮೊದಲ ಜೋರು ಮಳೆಗೆ ಲೋಕಲ್ ನಿಂತು, ನಾನು ಅಂಧೇರಿಯಲ್ಲಿ ಇಳಿದು ಬಸ್ಸಿಗೆ ಕಾಯುತ್ತಾ ನಿಂತಿದ್ದೆ. ಜುಲೈಯ ದಿನ ಆಫೀಸಿನಲ್ಲಿ ಯಾರದ್ದೋ ಹುಟ್ಟುಹಬ್ಬದ ಕೇಕು ತಿಂದೆ. ಎರಡು ದಿನವೂ ಹೊಟ್ಟೆಯ ಮೇಲೆ ಬ್ಯಾಗು ಒತ್ತಿ ಹಿಡಿದುಕೊಂಡು ಮನೆಗೆ ಬಂದೆ. ಒಂದು ಮಗುವಿಗೆ ಎರಡು ಸಲ ಅಳಬೇಕಾಗುತ್ತದೆ ಎಂದು ಆ ಡಾಕ್ಟರ ಕೋಣೆಯಲ್ಲಿ ಕೂತಿದ್ದಾಗ ನನಗೆ ಗೊತ್ತಿರಲಿಲ್ಲ. ಆ ದಿನ ಕ್ಲಿನಿಕ್ಕಿನಿಂದ ಹೊರಗೆ ಬಂದು ನಾವು ಮೂವರೂ ಕಬ್ಬಿನ ಹಾಲು ಕುಡಿದೆವು.

ಹೇಳಲು ಸಂಕಟವಾಗುವ ಮಾತೆಂದರೆ, ನಾನು ಅತ್ತೆಯ ಲೆಕ್ಕವನ್ನು ನಂಬತೊಡಗಿದೆ. ಮೊದಲು ಇರಬಹುದೇನೋ ಎಂದುಕೊಂಡೆ. ಆಮೇಲೆ ಕೊಟ್ಟೆ ಕಟ್ಟಿದ್ದು ನಿಜವಾಗಿಯೂ ನೆನಪಿಗೆ ಬರತೊಡಗಿತು. ಅತ್ತೆಯ ಎದುರು ಕೂತು ಹಲಸಿನ ಎಲೆಯ ತೊಟ್ಟು ಮುರಿಯುತ್ತಿದ್ದೇನೆ, ಅಂಟು ಬೆರಳಿಗೆ ಹತ್ತಿದೆ, ಕಡ್ಡಿ ಚುಚ್ಚುವಾಗ ಎಲೆ ಸೀಳಿತೆಂದು ಅವರು ಬೈಯುತ್ತಿದ್ದಾರೆ. ಇದು ಯಾವುದೋ ಬೇರೆ ವರ್ಷದ್ದು. ಅದನ್ನು ಎಳೆದು ತಂದು ಈ ಚೌತಿಗೆ ಕೂರಿಸಿಕೊಂಡೆ. ಬೊರಿವಲಿಯ ಜಗಳವನ್ನು ಬೇರೆಲ್ಲೋ ತಳ್ಳಿದೆ. ನವರಾತ್ರಿಯಾದ ಮೇಲೆ ಕೆಲವು ದಿನ ಬರುತ್ತಿದ್ದ ವಾಂತಿ ನಿಂತುಹೋಗಿತ್ತು. ಜುಲೈ ಎಂದಾದರೆ ನಿಜವಾದ ವಾಂತಿ ಇನ್ನೂ ಶುರುವೇ ಆಗಿಲ್ಲವಲ್ಲ ಎಂದು ಅದನ್ನೂ ಸರಿಹೊಂದಿಸಿಕೊಂಡೆ.

ಅತ್ತೆಯೂ ಆ ಎರಡು ವಾರ ಬೇರೆಯೇ ಮನುಷ್ಯರಾಗಿದ್ದರು. ದೀಪಾವಳಿಗೆ ನೀರು ತುಂಬುವ ಹಬ್ಬದ ದಿನ ಹಂಡೆಯಿಲ್ಲದ ನಮ್ಮ ಮನೆಯಲ್ಲಿ ಗೀಸರಿಗೇ ಸುಣ್ಣದ ಪಟ್ಟೆ ಬಳಿದು ಹೂ ಏರಿಸಿದರು. ನನ್ನ ತಲೆಗೆ ಎಣ್ಣೆ ಹಚ್ಚಿದರು. ಎಣ್ಣೆ ಹಚ್ಚುತ್ತಾ, ಜುಲೈಯಾದರೆ ಮಳೆ ಇನ್ನೂ ಜಾಸ್ತಿ, ಬಟ್ಟೆ ಒಣಗಿಸುವ ಮೆಷೀನನ್ನೇ ತಂದುಬಿಡೋಣ ಎಂದರು. ಗಂಡ ಒಳಗಿನಿಂದಲೇ, “ಅಮ್ಮಾ, ಈಗ ಲೈನಿಗೆ ಬಂದೆ!” ಎಂದು ಕೂಗಿದ. ಎಲ್ಲರೂ ನಕ್ಕೆವು. ಬಾಲ್ಕನಿಯಲ್ಲಿ ದೀಪ ಇಡಲು ಬಗ್ಗಿದಾಗ ನಾನು ಮೊದಲ ಸಲ ಹೊಟ್ಟೆಯೊಡನೆ ಮಾತಾಡಿದೆ. ಏನು ಹೇಳಿದೆ ಎಂದು ಇಲ್ಲಿ ಬರೆಯಲಾರೆ.

ಎರಡನೇ ಸ್ಕ್ಯಾನಿನಲ್ಲಿ ಏನೂ ಬೆಳೆದಿರಲಿಲ್ಲ. ಅದೇ ಅಳತೆ, ಅದೇ ಮೌನ. ಅದೇ ಹುಡುಗಿ ನನ್ನ ಹೊಟ್ಟೆಯ ಮೇಲಿನ ಜೆಲ್ ಅನ್ನು ತಾನೇ ಒರೆಸಿ, ಕುರ್ತಾ ಎಳೆದು ಸರಿಮಾಡಿದಳು. ಡಾಕ್ಟರು ಮಾತ್ರೆ ಬರೆದುಕೊಟ್ಟು, ಇದು ಯಾರ ತಪ್ಪೂ ಅಲ್ಲ, ಎಷ್ಟೋ ಗರ್ಭಗಳು ಹೀಗೆಯೇ ತಾವಾಗಿ ಬೆಳೆಯುವುದನ್ನು ನಿಲ್ಲಿಸುತ್ತವೆ, ಮೊದಲ ದಿನವೇ ತಿಳಿದಿದ್ದರೂ ಮಾಡುವಂಥದ್ದು ಏನೂ ಇರಲಿಲ್ಲ ಎಂದರು. ಗಂಡ ಹೊರಗಿನ ಬೆಂಚಿನ ಮೇಲೆ ಮುಖ ಮುಚ್ಚಿಕೊಂಡು ಕೂತ. ನನಗೆ ಅಳು ಬರಲಿಲ್ಲ. ಸಿಟ್ಟು ಬಂತು. ಅತ್ತೆಯ ಮೇಲೆ ಬಂತು. ಅವರು ಬಾಯಿ ಮುಚ್ಚಿಕೊಂಡಿದ್ದರೆ ನಾನು ಎರಡು ವಾರ ಮುಂಚೆಯೇ ಅತ್ತು ಮುಗಿಸುತ್ತಿದ್ದೆ. ಇಲ್ಲದ ಮಗುವಿನ ಜೊತೆ ದೀಪಾವಳಿ ಮಾಡುತ್ತಿರಲಿಲ್ಲ. ವಯಸ್ಸಾಗಿ ಅವರಿಗೆ ಮರೆವು ಶುರುವಾಗಿದೆ, ಆ ಮರೆವಿಗೆ ನನ್ನನ್ನು ಬಲಿ ಕೊಟ್ಟರು ಎಂದು ಹಲ್ಲು ಕಚ್ಚಿಕೊಂಡು ಮನೆಗೆ ಬಂದೆ.

ಅವರು ಬಾಗಿಲಲ್ಲೇ ನಿಂತಿದ್ದರು. ನಮ್ಮ ಮುಖ ನೋಡಿ ಪಕ್ಕಕ್ಕೆ ಸರಿದು ದಾರಿ ಬಿಟ್ಟರು. ನಾನು ಅವರನ್ನು ದಾಟಿ ಒಳಗೆ ಹೋದೆ.

ಮಾತ್ರೆ ತೆಗೆದುಕೊಂಡ ಮೇಲೆ ಮಧ್ಯಾಹ್ನದ ಹೊತ್ತಿಗೆ ನೋವು ಶುರುವಾಗಿ ರಕ್ತ ಹೋಗತೊಡಗಿತು. ಸಂಜೆಯವರೆಗೆ ಬಚ್ಚಲಿಗೂ ಮಂಚಕ್ಕೂ ನಡುವೆ ಓಡಾಡಿದೆ. 

ಅದರ ಬಗ್ಗೆ ಇಷ್ಟೇ ಸಾಕು. ಎಲ್ಲ ಮುಗಿದು ಸ್ವಲ್ಪ ಕಡಿಮೆಯಾದ ಮೇಲೆ ಎದ್ದು ಹೋಗಿ, ಆರು ವರ್ಷದ ಅಭ್ಯಾಸದಂತೆ, ಮೂಲೆಯಲ್ಲಿ ಚಾಪೆ ಬಿಡಿಸಿ ಮಲಗಿದೆ. ಗಂಡ ಬಂದು, “ಪಾಗಲ್ ಆಗಿದ್ದೀಯಾ, ಮಂಚದ ಮೇಲೆ ಮಲಗು,” ಎಂದ. ಬೇಡ ಎಂದೆ. ನನಗೆ ಅಲ್ಲೇ ಮಲಗಬೇಕಿತ್ತು, ಅತ್ತೆಯ ಕಣ್ಣಿಗೆ ಕಾಣುವ ಹಾಗೆ. ಅವರು ಹಾಲ್‌ನ ದೀಪ ಆರಿಸದೆ ಸೋಫಾದ ಮೇಲೆ ಕೂತಿದ್ದರು. ನಾನು ಗೋಡೆಯ ಕಡೆ ತಿರುಗಿಕೊಂಡೆ.

ಬೆಳಿಗ್ಗೆ ಗಂಡ ಔಷಧಿ ತರಲು ಕೆಳಗೆ ಹೋಗಿದ್ದ. ಅತ್ತೆ ಅಡುಗೆಮನೆಯಿಂದ ಊರಿನ ಪುರೋಹಿತರಿಗೆ ಫೋನ್ ಮಾಡಿದರು. ಕಿವಿ ಸ್ವಲ್ಪ ಮಂದವಾದ್ದರಿಂದ ಅವರು ಯಾವಾಗಲೂ ಸ್ಪೀಕರ್ ಹಾಕಿಯೇ ಮಾತಾಡುವುದು. ಆಚೆಯ ದನಿಯೂ ನನಗೆ ಸ್ಪಷ್ಟವಾಗಿ ಕೇಳುತ್ತಿತ್ತು. ಹೀಗೆ ಹೀಗಾಯಿತು, ಮೈಲಿಗೆ ಎಷ್ಟು ದಿನ ಹಿಡಿಯಬೇಕು ಎಂದು ಅತ್ತೆ ಕೇಳಿದರು. ಇಂಥ ಹೊತ್ತಿನಲ್ಲೂ ಇವರಿಗೆ ಮೈಲಿಗೆಯ ಚಿಂತೆ ಎಂದು ನನಗೆ ಮೈಯೆಲ್ಲ ಉರಿದುಹೋಯಿತು.

ಪುರೋಹಿತರು ಅಯ್ಯೋ ಎಂದು ಮರುಗಿದರು. ಆಮೇಲೆ ಕ್ರಮ ಹೇಳಿದರು. ಗರ್ಭ ಎಷ್ಟು ತಿಂಗಳದ್ದೋ ಅಷ್ಟು ದಿನ ತಾಯಿಗೆ, ಮನೆಯ ಉಳಿದವರಿಗೆ ಒಂದು ಸ್ನಾನ ಸಾಕು. “ಎಷ್ಟ್ ತಿಂಗ್ಳಾಗಿತ್ತ್ ಅಮ್ಮ?” ಎಂದು ಕೇಳಿದರು.

ನಾನು ತಲೆ ಎತ್ತಿ ಕಿವಿಗೊಟ್ಟೆ. ಪಿತೃಪಕ್ಷದಿಂದ ಎಣಿಸಿದರೆ ಎರಡನೇ ತಿಂಗಳು ಕೂಡ ತುಂಬಿರಲಿಲ್ಲ. ಚೌತಿಯಿಂದ ಎಣಿಸಿದರೆ ಮೂರನೆಯದು ನಡೆಯುತ್ತಿತ್ತು. ಎರಡು ಎನ್ನುತ್ತಾರೆ, ಎಂದುಕೊಂಡೆ.

“ಮೂರ್ನೇ ತಿಂಗ್ಳ್ ನಡೀತಿತ್ತ್ ಭಟ್ರೆ,” ಎಂದರು ಅತ್ತೆ. “ಚೌತಿ ಮುನ್ನಾದಿನ ಹೊರ್ಗಾದ್ದ್ ಅವ್ಳ್. ಸಂಜಿ ಹೊತ್ತಿಗೆ. ನಂಗ್ ಸಮಾ ನೆನ್ಪಿತ್ತ್.”

“ಮೂರ್ ತುಂಬ್ಲಿಲ್ಲ ಅಂದ್ರೆ ಎರಡ್ ದಿನ ಹಿಡಿದ್ರೂ ಆತ್ತ್ ಅಮ್ಮ. ಮುಂಬೈಯಗೆಲ್ಲ ಅಷ್ಟ್ ಕಾಂಬುಕಾತಿಲ್ಲ,” ಎಂದು ಪುರೋಹಿತರು ರಿಯಾಯಿತಿ ಕೊಟ್ಟರು.

“ಬ್ಯಾಡ. ಮೂರೇ ಇರ್ಲಿ.” ಅವರ ದನಿ ಒಡೆಯಿತು. “ಅದ್ರ ಪಾಲಿಗೆ ಬಂದದ್ದೇ ಅಷ್ಟ್. ಅದ್ರಗೂ ಒಂದ್ ದಿನ ಕಮ್ಮಿ ಮಾಡುದ್ ಬ್ಯಾಡ.”

ಅವರಿಗೆ ಮರೆತಿರಲಿಲ್ಲ. ಡಾಕ್ಟರ ಮೇಜಿನ ಎದುರು ಕೈ ತಿರುಗಿಸಿ ಕೊಟ್ಟೆ ಕಟ್ಟುವುದನ್ನು ತೋರಿಸುವಾಗಲೂ ಮರೆತಿರಲಿಲ್ಲ. ಮಗು ಬದುಕಬೇಕಾದರೆ ಚಿಕ್ಕದಾಗಿರಬೇಕು ಎಂದು ತಿಳಿದಾಗ ಅದರ ವಯಸ್ಸನ್ನು ಇಳಿಸಿದ್ದರು. ಈಗ ಅದಕ್ಕೆ ಸಲ್ಲಬೇಕಾದ ವಯಸ್ಸನ್ನು ಪೂರ್ತಿ ಕೊಡುತ್ತಿದ್ದರು. ನಾನು ದಿಂಬನ್ನು ಬಾಯಿಗೆ ಒತ್ತಿಕೊಂಡೆ. ಕ್ಲಿನಿಕ್ಕಿನಲ್ಲಿ ಬಾರದ ಅಳು, ನೋವಿನಲ್ಲಿ ಬಾರದ ಅಳು ಆಗ ಬಂತು. ಎಷ್ಟು ತಡೆದರೂ ನಿಲ್ಲಲಿಲ್ಲ.

ಅತ್ತೆ ಫೋನ್ ಇಟ್ಟು ಹೊರಗೆ ಬಂದರು. ನೆಲಕ್ಕೆ ಕೈ ಊರಿ, ಮಂಡಿನೋವಿಗೆ ನರಳುತ್ತಾ, ನನ್ನ ಚಾಪೆಯ ಮೇಲೆ ಕೂತರು. ನನ್ನ ತಲೆಯನ್ನು ಎತ್ತಿ ತಮ್ಮ ತೊಡೆಯ ಮೇಲಿಟ್ಟುಕೊಂಡರು.

“ಅತ್ತೆ, ಮುಟ್ಟಿದ್ರಿ,” ಎಂದೆ. “ನೀವು ಸ್ನಾನ ಮಾಡ್ಬೇಕಾಗತ್ತೆ.”

“ಮಾಡುವ,” ಎಂದರು ಅವರು, ನನ್ನ ಕೆದರಿದ ಕೂದಲನ್ನು ಹಿಂದಕ್ಕೆ ಸರಿಸುತ್ತಾ. “ಮೂರ್ ದಿನ ಆಯ್ಲಿ. ಇಬ್ರೂ ಒಟ್ಟಿಗೇ ಮಾಡುವ.”